ತೋಪಿನ ಬೀಜದ ಮೇಲಿನ ಅಪವಾದ

ಸುಟ್ಟುಹೋದ ಅಥವಾ ಕಡಿದು ಬರಿದಾದ ಕಾಡನ್ನು ಮತ್ತೆ ಬೆಳೆಸುವ ಪ್ರಶ್ನೆ ಬಂದಾಗಲೆಲ್ಲ, ಉತ್ತರ ಅಮೆರಿಕದಲ್ಲಿಯೂ ಉತ್ತರ ಯುರೋಪಿನಲ್ಲಿಯೂ ಕಾಡಿನ ಬಗ್ಗೆ ಕಾಳಜಿಯುಳ್ಳವರ ಬಾಯಲ್ಲಿ ಒಂದು ಮಾತು ಪ್ರಶ್ನಾತೀತ ಸತ್ಯದಂತೆ ಕೇಳಿಬರುತ್ತದೆ. ಆಯಾ ಕಾಡಿನ ಮರಗಳಿಂದಲೇ ಆಯ್ದು ತಂದ ಬೀಜವು ಶುದ್ಧವಾದದ್ದು, ವೈವಿಧ್ಯವುಳ್ಳದ್ದು, ಆ ನೆಲಕ್ಕೆ ಒಗ್ಗಿದ್ದು. ಬೀಜತೋಪಿನಲ್ಲಿ ಉತ್ಪಾದಿಸಿದ ಬೀಜವಾದರೋ ಮರದ ಕಂಪನಿಗಳ ಲಾಭಕ್ಕಾಗಿ ಹುಟ್ಟಿಕೊಂಡ, ಒಂದೇ ಅಚ್ಚಿನ ಸಸಿಗಳನ್ನು ಕೊಡುವ ಕೃತಕ ಸರಕು ಎಂಬುದು ಆ ಮಾತಿನ ಸಾರ. ಪೈನ್, ಸ್ಪ್ರೂಸ್, ಡಗ್ಲಾಸ್ ಫರ್ ಮೊದಲಾದವು ಸೂಚಿಪರ್ಣಿ ಮರಗಳು, ಅಂದರೆ ಸೂಜಿಯಂಥ ಎಲೆಯುಳ್ಳ, ಹಣ್ಣಿನ ಬದಲು ಪದರಪದರವಾದ ಶಂಕುಗಳಲ್ಲಿ ಬೀಜ ಕಟ್ಟುವ ಮರಗಳು. ಕೇಳಲು ಹಿತವಾಗಿರುವ, ಸದುದ್ದೇಶದಿಂದಲೇ ಹೊರಟ ಮೇಲಿನ ಅಭಿಪ್ರಾಯವು ಈ ಮರಗಳ ವಿಷಯದಲ್ಲಿ ಹೆಚ್ಚುಕಡಿಮೆ ಪ್ರತಿಯೊಂದು ಅಂಶದಲ್ಲಿಯೂ ತಪ್ಪಾಗಿದೆ. ಆ ತಪ್ಪಿನ ನಷ್ಟ ಬೀಳುವುದೂ, ಯಾವ ಕಾಡಿನ ಹೆಸರಿನಲ್ಲಿ ವಾದ ಹೂಡಲಾಗಿದೆಯೋ ಆ ಕಾಡಿನ ಮೇಲೆಯೇ.

ಬೀಜತೋಪು ಎಂದರೇನೆಂದು ಸರಿಯಾಗಿ ಗ್ರಹಿಸದಿರುವುದೇ ಈ ಅಪವಾದದ ಮೂಲ. ಡೆನ್ಮಾರ್ಕಿನ ಸಿರಾಖ್ ಲಾರ್ಸನ್ 1930ರ ದಶಕದಲ್ಲಿ ಮುಂದಿಟ್ಟ, ಆಮೇಲೆ ಸ್ವೀಡನ್, ಅಮೆರಿಕ, ಕೆನಡಾಗಳಲ್ಲಿ ಬೆಳೆದುಬಂದ ಈ ಪದ್ಧತಿಯಲ್ಲಿ, ಕಾಡಿನೊಳಗೆ ನೆಟ್ಟಗೆ, ನಿರೋಗಿಯಾಗಿ, ಸುತ್ತಲಿನ ಮರಗಳನ್ನು ಮೀರಿ ಬೆಳೆದ ಮರಗಳನ್ನು ಹುಡುಕಿ ಗುರುತಿಸುತ್ತಾರೆ. ಅವುಗಳ ನೆತ್ತಿಯ ರೆಂಬೆಗಳನ್ನು ಹತ್ತಿ ಕೊಯ್ದು, ಹತ್ತಲಾಗದ ಕಡೆ ಬಂದೂಕಿನಿಂದ ಹೊಡೆದು ಬೀಳಿಸಿ, ಆ ಕಡ್ಡಿಗಳನ್ನು ಎಳೆಯ ಬುಡಸಸಿಗಳಿಗೆ ಕಸಿ ಕಟ್ಟಿ, ಕೂಡಿಕೊಂಡ ಗಿಡಗಳನ್ನು ಸಾಲಾಗಿ ನೆಟ್ಟು ಸಾಕುತ್ತಾರೆ. ಮಾವಿನ ಕಸಿಯನ್ನು ಕಂಡ ಕನ್ನಡ ಓದುಗರಿಗೆ ಇದರ ಮರ್ಮ ಹೊಸದಲ್ಲ: ಪ್ರಾಯದ ಮರದ ಕಡ್ಡಿ ತನ್ನ ಪ್ರಾಯವನ್ನು ಹೊಸ ಬೇರಿನ ಮೇಲೂ ಉಳಿಸಿಕೊಳ್ಳುವುದರಿಂದ, ಬೀಜದಿಂದ ಹುಟ್ಟಿದ ಗಿಡಕ್ಕಿಂತ ಎಷ್ಟೋ ವರ್ಷ ಮುಂಚೆ ಅದು ಫಲಕ್ಕೆ ಬರುತ್ತದೆ. ಆದರೆ ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ, ಮತ್ತು ನಿಲ್ಲುವ ಜಾಗವೇ ಮುಖ್ಯವಾದದ್ದು. ಮಾವಿನಲ್ಲಿ ಬೆಳೆಗಾರನಿಗೆ ಬೇಕಾದದ್ದು ಕಸಿಗಿಡದ ಹಣ್ಣು, ಅದು ತಾಯಿಮರದ ಹಣ್ಣಿನ ತದ್ರೂಪವೇ ಆಗಿರಬೇಕು. ಬೀಜತೋಪಿನಲ್ಲಿ ಬೇಕಾದದ್ದು ಬೀಜ, ಅದು ಹತ್ತಾರು ಬೇರೆಬೇರೆ ತಾಯಿಮರಗಳ ಕಸಿಗಳ ನಡುವೆ ಗಾಳಿಯಲ್ಲಿ ತೂರಿಬಂದ ಪರಾಗದಿಂದ ಹುಟ್ಟುವಂಥದು. ತೋಪಿನಲ್ಲಿ ತದ್ರೂಪಿಗಳಾಗಿರುವುದು ಒಂದೇ ಮರದಿಂದ ತಂದ ಕಸಿಗಳು ಮಾತ್ರ. ಅವುಗಳ ಸಂತಾನದಲ್ಲಿ ಒಂದರಂತೆ ಇನ್ನೊಂದಿಲ್ಲ. ‘ಕ್ಲೋನ್’ ಎಂಬ ಒಂದು ಪದ ತೋಪಿನ ಫಲಕದ ಮೇಲೆ ಕಂಡದ್ದೇ ತಡ, ಅಲ್ಲಿಂದ ಹೊರಡುವ ಸಸಿಗಳೆಲ್ಲ ಪಡಿಯಚ್ಚುಗಳೆಂದು ತೀರ್ಮಾನಿಸುವುದು, ತಂದೆತಾಯಿಗೂ ಮಕ್ಕಳಿಗೂ ಇರುವ ಭೇದವನ್ನು ಮರೆತಂತೆ.

ಬೀಜದಲ್ಲಿ ವೈವಿಧ್ಯ ಎಷ್ಟಿದೆ ಎಂಬುದು ಊಹೆಗೆ ಬಿಟ್ಟ ವಿಷಯವೂ ಅಲ್ಲ. ಕೆನಡಾದ ಪಶ್ಚಿಮ ತುದಿಯ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ, ಮೈಕೆಲ್ ಸ್ಟೋಯರ್ ಮತ್ತು ಯೂಸ್ರಿ ಎಲ್-ಕಸಾಬಿ ಅವರು 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಳನಾಡಿನ ಸ್ಪ್ರೂಸ್ ಮರದ ತಳಿವೈವಿಧ್ಯವನ್ನು ಸಹಜ ಕಾಡು, ತೋಪು, ಬೀಜ, ಸಸಿ ಎಂಬ ಒಂದೊಂದು ಹಂತದಲ್ಲಿಯೂ ಅಳೆದು ನೋಡಿದಾಗ, ತೋಪಿನ ದಾರಿಯಲ್ಲಿ ಬಂದ ಸಸಿಗಳು ಕಾಡಿನವುಗಳಿಗೆ ಹೇಳಿಕೊಳ್ಳುವಂಥ ಮಟ್ಟಿಗೆ ಕಡಿಮೆಯಾಗಿರಲಿಲ್ಲ. ಅದೇ ಪ್ರಾಂತ್ಯದ ಬೀಜಬಳಕೆಯ ನಿಯಮಗಳ ಪ್ರಕಾರ, ತೋಪಿನಿಂದ ಬಂದ ಬೀಜರಾಶಿಯೊಂದು ನೋಂದಣಿಯಾಗಬೇಕಾದರೆ ಅದರ ‘ಪರಿಣಾಮಕಾರಿ ಸಂಖ್ಯೆ’ 10ಕ್ಕಿಂತ ಕಡಿಮೆ ಇರಕೂಡದು. ತೋಪಿನಲ್ಲಿ ಎಷ್ಟು ತಾಯಿಮರಗಳ ಕಸಿಗಳಿವೆ ಎಂಬ ಬರಿಯ ಎಣಿಕೆ ಈ ಸಂಖ್ಯೆಯಾಗುವುದಿಲ್ಲ. ಯಾವ ಮರ ಎಷ್ಟು ಶಂಕು ಬಿಟ್ಟಿತು, ಎಷ್ಟು ಪರಾಗ ಸೂಸಿತು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡು, ಎಲ್ಲವೂ ಸರಿಸಮನಾಗಿ ಪಾಲುಗೊಂಡಿದ್ದರೆ ಎಷ್ಟು ಮರಗಳಿಗೆ ಸಮವಾಗುತ್ತಿತ್ತೆಂದು ಹೇಳುವ ಕಟ್ಟುನಿಟ್ಟಿನ ಮಾಪನ ಅದು. ಕಾಡಿನಲ್ಲಿ ಗೋಣಿಚೀಲಕ್ಕೆ ತುಂಬಿದ ಶಂಕುಗಳ ಹಿಂದೆ ಎಷ್ಟು ತಂದೆಮರಗಳಿವೆ, ಅವುಗಳ ಪಾಲು ಎಷ್ಟೆಷ್ಟು ಎಂದು ಕೇಳಿದರೆ ಅಂಥ ಲೆಕ್ಕವನ್ನು ಕೊಡುವವರು ಯಾರೂ ಇರುವುದಿಲ್ಲ.

ಇದಕ್ಕಿಂತ ಗಂಭೀರವಾದ ಮಾತೊಂದಿದೆ. ಸಹಜ ಕಾಡಿನಲ್ಲಿ ಬೀಜದ ದೊಡ್ಡ ಪಾಲು ತಾಯಿಮರದ ಸುತ್ತಮುತ್ತಲೇ ಬೀಳುವುದರಿಂದ, ಅಕ್ಕಪಕ್ಕದಲ್ಲಿ ಬೆಳೆದ ಮರಗಳು ಎಷ್ಟೋ ಸಲ ಒಂದೇ ಒಡಲಿನವಾಗಿದ್ದು, ಅವುಗಳ ಪರಾಗ ಒಂದರ ಮೇಲೊಂದು ಬಿದ್ದಾಗ ರಕ್ತಸಂಬಂಧದೊಳಗಿನ ಕೂಡಿಕೆ ನಡೆಯುತ್ತದೆ. ಸೂಚಿಪರ್ಣಿಗಳು ಇದಕ್ಕೆ ತೆರುವ ದಂಡ ಬಹಳ ದೊಡ್ಡದು: ಡಗ್ಲಾಸ್ ಫರ್ ತನ್ನದೇ ಪರಾಗವನ್ನು ಪಡೆದಾಗ ಬಹುಪಾಲು ಬೀಜಗಳು ಒಳಗೆ ಏನೂ ಇಲ್ಲದ ಜಳ್ಳಾಗುತ್ತವೆ, ಮೊಳೆತವು ಸೊರಗುತ್ತವೆ. ತೋಪಿನ ನಕ್ಷೆಯನ್ನು ಬಿಡಿಸುವಾಗ ಒಂದೇ ಮೂಲದ ಎರಡು ಕಸಿಗಳು ಹತ್ತಿರ ಬಾರದಂತೆ ಎಚ್ಚರ ವಹಿಸುವುದೂ, ಬೆಟ್ಟಸಾಲುಗಳಾಚೆ ಎಂದೂ ಒಂದಕ್ಕೊಂದು ಪರಾಗ ಮುಟ್ಟಿಸಲಾರದ ಮರಗಳನ್ನು ಒಂದೇ ಬೇಲಿಯೊಳಗೆ ತರುವುದೂ ಇದೇ ಕಾರಣಕ್ಕೆ. ಸಂಕುಚಿತ ಎಂಬ ಆರೋಪ ಎಲ್ಲಿಗಾದರೂ ಸಲ್ಲುವುದಾದರೆ, ಒಂದೇ ಇಳಿಜಾರಿನ ನಾಲ್ಕಾರು ದಾಯಾದಿ ಮರಗಳಿಂದ ತುಂಬಿದ ಗೋಣಿಚೀಲಕ್ಕೆ ಸಲ್ಲುತ್ತದೆ.

ಕಾಡುಬೀಜದ ಸಂಗ್ರಹ ನಿಜವಾಗಿ ಹೇಗೆ ನಡೆಯುತ್ತದೆ ಎಂಬುದನ್ನು ಅದರ ಸ್ತುತಿಪಾಠಕರು ವಿವರಿಸುವುದು ಅಪರೂಪ. ಸ್ಪ್ರೂಸ್ ಮತ್ತು ಡಗ್ಲಾಸ್ ಫರ್ ಮರಗಳು ಪ್ರತಿವರ್ಷ ಶಂಕು ಬಿಡುವುದಿಲ್ಲ. ಒಂದು ಸಮೃದ್ಧ ವರ್ಷದ ನಂತರ ಇನ್ನೊಂದಕ್ಕೆ ಐದಾರು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಯಬೇಕಾಗುತ್ತದೆ. ಆ ಒಂದು ವರ್ಷದಲ್ಲಿ, ಬೀಜ ಬಲಿತ ದಿನಕ್ಕೂ ಶಂಕು ಬಿರಿದು ಬೀಜ ಹಾರಿಹೋಗುವ ದಿನಕ್ಕೂ ನಡುವೆ ಇರುವ ಕೆಲವೇ ವಾರಗಳಲ್ಲಿ, ರಸ್ತೆಗೆ ಹತ್ತಿರವಿರುವ, ಹತ್ತಲು ಅನುಕೂಲವಾದ, ಶಂಕು ಜಗ್ಗಿ ಬಾಗಿದ ಮರಗಳಿಂದ ಕೊಯ್ದದ್ದೇ ಕೊಯ್ಲು. ಒಂದು ಕಾಲದಲ್ಲಿ ಪಶ್ಚಿಮ ಅಮೆರಿಕದ ಸಂಗ್ರಾಹಕರು ಅಳಿಲುಗಳು ಚಳಿಗಾಲಕ್ಕೆಂದು ಬುಡದಲ್ಲಿ ಕೂಡಿಟ್ಟ ಶಂಕುರಾಶಿಗಳನ್ನೇ ತೋಡಿ ಚೀಲ ತುಂಬಿಸುತ್ತಿದ್ದರು. ಈ ಕೆಲಸ ಮಾಡಿದವರ ಶ್ರಮವನ್ನು ಹೀಗಳೆಯುವ ಮಾತಲ್ಲ ಇದು. ಎತ್ತರದ ಮರದ ತುದಿಯಲ್ಲಿ ಅಂಟುಮೆತ್ತಿದ ಕೈಯಿಂದ ಶಂಕು ಕಿತ್ತವರಿಲ್ಲದಿದ್ದರೆ ಮೊದಲ ನೆಡುತೋಪುಗಳೇ ಇರುತ್ತಿರಲಿಲ್ಲ. ಆದರೆ ಅವಸರ, ಅನುಕೂಲ ಮತ್ತು ಆ ವರ್ಷದ ಫಸಲು ಇವು ಮೂರೂ ಸೇರಿ ಆಯ್ದ ಬೀಜವನ್ನು ಪ್ರಕೃತಿಯೇ ಆಯ್ದ ಬೀಜವೆಂದು ಕರೆಯುವುದು ಸತ್ಯಕ್ಕೆ ದೂರ. ಕಾಡ್ಗಿಚ್ಚಾದರೋ ಶಂಕುಗಳ ಸಮೃದ್ಧ ವರ್ಷಕ್ಕಾಗಿ ಕಾಯುವುದಿಲ್ಲ. 2023ರ ಒಂದೇ ಬೇಸಿಗೆಯಲ್ಲಿ ಬ್ರಿಟಿಷ್ ಕೊಲಂಬಿಯಾದಲ್ಲಿ 28 ಲಕ್ಷ ಹೆಕ್ಟೇರಿಗೂ ಹೆಚ್ಚು ನೆಲ ಸುಟ್ಟಿತು.

‘ಸ್ಥಳೀಯ ಬೀಜವೇ ಉತ್ತಮ’ ಎಂಬ ಸೂತ್ರಕ್ಕೂ ಒಂದು ಗೌರವಯುತವಾದ ಇತಿಹಾಸವಿದೆ, ಅದನ್ನು ಅಲ್ಲಗಳೆಯಬೇಕಾಗಿಲ್ಲ. 19ನೆಯ ಶತಮಾನದಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್ ಸುತ್ತಲಿನ ವ್ಯಾಪಾರಿಗಳು ಸ್ಕಾಟ್ಸ್ ಪೈನಿನ ಬೀಜವನ್ನು ಅಗ್ಗದ ದರದಲ್ಲಿ ಸ್ವೀಡನ್ ಮತ್ತು ಬಾಲ್ಟಿಕ್ ನಾಡುಗಳಿಗೆ ಮಾರಿದಾಗ, ಅದರಿಂದ ಎದ್ದ ಮರಗಳು ಡೊಂಕಾಗಿ, ಗೆಲ್ಲುಗೆಲ್ಲಾಗಿ, ಹಿಮಕ್ಕೂ ರೋಗಕ್ಕೂ ತುತ್ತಾಗಿ, ‘ಡಾರ್ಮ್‌ಸ್ಟಾಟ್ ಪೈನ್’ ಎಂಬುದೇ ಅಲ್ಲೊಂದು ಬೈಗುಳದ ಪದವಾಯಿತು. ಬೀಜ ಎಲ್ಲಿಯದು ಎಂಬುದು, ಅಂದರೆ ಬೀಜಮೂಲ, ಮರದ ಹಣೆಬರಹವನ್ನು ನಿರ್ಧರಿಸುತ್ತದೆಂಬ ಅರಿವು ಈ ನಷ್ಟದಿಂದಲೇ ಗಟ್ಟಿಯಾಯಿತು. ಅದರಿಂದ ಬೀಜವಲಯಗಳು, ನಕ್ಷೆಗಳು, ಇಷ್ಟು ಎತ್ತರಕ್ಕೆ ಇಷ್ಟು ದೂರಕ್ಕೆ ಮಾತ್ರ ಎಂಬ ಕಟ್ಟಳೆಗಳು ಬಂದವು. ಎಲ್ಲಿಂದಲೋ ತಂದ ಬೀಜಕ್ಕೆ ಹೋಲಿಸಿದರೆ ಸ್ಥಳೀಯ ಬೀಜ ಮೇಲೆಂಬುದು ಆಗ ನಿಜವಾಗಿತ್ತು. ಆ ಕಟ್ಟಳೆಯ ಒಳಗೆ ಹೇಳದೆ ಉಳಿದ ಒಂದು ಷರತ್ತಿತ್ತು: ಸ್ಥಳದ ಹವೆ ಮೊದಲಿನಂತೆಯೇ ಇರಬೇಕು. ಮರ ಒಗ್ಗಿಕೊಂಡಿರುವುದು ತನ್ನ ಪೂರ್ವಿಕರು ಬದುಕಿದ ಶತಮಾನಗಳ ಚಳಿಗೆ, ಮಳೆಗೆ, ಹಗಲಿನ ಉದ್ದಕ್ಕೆ. ಇಂದು ನೆಟ್ಟ ಸಸಿ ಬದುಕಬೇಕಾದದ್ದು ಮುಂದಿನ 60-80 ವರ್ಷಗಳ ಹವೆಯಲ್ಲಿ. 2009ರಲ್ಲಿ ಆರಂಭವಾದ, ಯೂಕಾನ್‌ನಿಂದ ಕ್ಯಾಲಿಫೋರ್ನಿಯಾದವರೆಗೆ 48 ತಾಣಗಳಲ್ಲಿ 15 ಜಾತಿಯ ಮರಗಳನ್ನು ನೆಟ್ಟು ನೋಡುತ್ತಿರುವ ಬ್ರಿಟಿಷ್ ಕೊಲಂಬಿಯಾದ ದೊಡ್ಡ ಪ್ರಯೋಗ ಈ ಪ್ರಶ್ನೆಯನ್ನು ನೆಲದ ಮೇಲೆಯೇ ಕೇಳುತ್ತಿದೆ. ಆ ಪ್ರಾಂತ್ಯವು 2018ರಿಂದ ಬೀಜವನ್ನು ಊರಿನ ಹೆಸರಿನಿಂದಲ್ಲದೆ ಹವೆಯ ಹೊಂದಾಣಿಕೆಯಿಂದ ಹಂಚುವ ಪದ್ಧತಿಯನ್ನೂ ಜಾರಿಗೆ ತಂದಿದೆ. ಮೂಲ ಗೊತ್ತಿರುವ, ಸಂತಾನವನ್ನು ಹಲವು ತಾಣಗಳಲ್ಲಿ ಬೆಳೆಸಿ ಪರೀಕ್ಷಿಸಿರುವ ಬೀಜಕ್ಕೆ ಮಾತ್ರ ಇಂಥ ಹಂಚಿಕೆಯನ್ನು ಧೈರ್ಯವಾಗಿ ಮಾಡಬಹುದು, ಅಂಥ ಬೀಜ ಇರುವುದು ತೋಪುಗಳಲ್ಲಿ.

ಸ್ಥಳೀಯ ಬೀಜದ ವಾದ ಪೂರ್ತಿಯಾಗಿ ಕುಸಿಯುವುದು ಪಶ್ಚಿಮದ ಬಿಳಿಪೈನಿನ ಕತೆಯಲ್ಲಿ. ಬಿಳಿಪೈನಿನ ತೊಗಟೆಯಲ್ಲಿ ಹುಣ್ಣೆಬ್ಬಿಸಿ ಮರವನ್ನು ಕೊಲ್ಲುವ ಗುಳ್ಳೆತುಕ್ಕು ಎಂಬ ಶಿಲೀಂಧ್ರರೋಗವು 1910ರಲ್ಲಿ ಫ್ರಾನ್ಸಿನ ನರ್ಸರಿ ಸಸಿಗಳ ಜೊತೆ ವ್ಯಾಂಕೂವರಿಗೆ ಬಂದಿಳಿಯಿತು. (ಸಸಿ ಸಾಗಣೆಯಿಂದಲೇ ಈ ಪಿಡುಗು ಬಂದದ್ದೆಂಬುದನ್ನು ತೋಪಿನ ವಿರೋಧಿಗಳು ನೆನಪಿಸುತ್ತಾರೆ, ಅದು ಸರಿಯಾದ ನೆನಪು, ಸಮುದ್ರ ದಾಟಿಸಿ ಸಸಿ ತರುವುದು ಎಷ್ಟು ಅಪಾಯವೆಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.) ರೋಗದ ಜೀವನಚಕ್ರದ ಅರ್ಧ ಭಾಗ ರೈಬೀಸ್ ಕುಲದ ಗೂಸ್‌ಬೆರಿ, ಕರ್ರಂಟ್ ಪೊದೆಗಳ ಮೇಲೆ ನಡೆಯುವುದರಿಂದ, 1930ರ ದಶಕದಲ್ಲಿ ಅಮೆರಿಕ ಸರ್ಕಾರ ನಿರುದ್ಯೋಗಿ ಯುವಕರ ತಂಡಗಳನ್ನು ಕಾಡಿಗೆ ಕಳಿಸಿ ಆ ಪೊದೆಗಳನ್ನು ಬುಡಸಮೇತ ಕೀಳಿಸಿತು, ವರ್ಷಗಟ್ಟಲೆ ಕಿತ್ತರೂ ಪಶ್ಚಿಮದಲ್ಲಿ ರೋಗ ನಿಲ್ಲಲಿಲ್ಲ, ಕೊನೆಗೆ ಆ ಕಾರ್ಯವನ್ನೇ ಕೈಬಿಡಬೇಕಾಯಿತು. ಹೀಗೆ ಸಾಯುತ್ತಿದ್ದ ಕಾಡಿನ ನಡುವೆ ಸಾವಿರಾರು ಮರಗಳಲ್ಲಿ ಒಂದರಂತೆ ಹುಣ್ಣಿಲ್ಲದೆ ನಿಂತ ಮರಗಳಿದ್ದವು. ರಿಚರ್ಡ್ ಬಿಂಗಮ್ ಇಡಾಹೊ ರಾಜ್ಯದಲ್ಲಿ 1950ರಲ್ಲಿ ಆರಂಭಿಸಿದ ಕೆಲಸ ಅಂಥ ಮರಗಳನ್ನು ಹುಡುಕಿ, ಒಂದರ ಪರಾಗವನ್ನು ಇನ್ನೊಂದಕ್ಕೆ ಮುಟ್ಟಿಸಿ, ಹುಟ್ಟಿದ ಸಸಿಗಳಿಗೆ ಬೇಕೆಂದೇ ರೋಗ ಹತ್ತಿಸಿ ಬದುಕಿದವನ್ನು ಉಳಿಸಿಕೊಳ್ಳುವುದಾಗಿತ್ತು. ಆ ಆಯ್ಕೆಯ ಫಲವನ್ನು ಬೀಜವಾಗಿ ಕಾಡಿಗೆ ತಲುಪಿಸಿದ್ದು ಇಡಾಹೊದ ಮಾಸ್ಕೋ ಪಟ್ಟಣದ ತೋಪು, ಮುಂದೆ ಅದೇ ದಾರಿಯಲ್ಲಿ ಒರೆಗಾನಿನ ಡೊರೀನಾ ಕೇಂದ್ರವೂ ನಡೆಯಿತು. ಈ ನಿರೋಧಕ ಶಕ್ತಿ ಪರಿಪೂರ್ಣವಾದದ್ದೇನೂ ಅಲ್ಲ, ಜಾಗದಿಂದ ಜಾಗಕ್ಕೆ ಅದರ ಫಲ ವ್ಯತ್ಯಾಸವಾಗುತ್ತದೆ. ಆದರೂ ಇಲ್ಲಿ ಸ್ಥಳೀಯ ಕಾಡುಬೀಜ ಎಂಬುದರ ಅರ್ಥವನ್ನು ನೇರವಾಗಿ ಹೇಳಬೇಕು: ಸಾವಿರಕ್ಕೆ ಸಾವಿರವೂ ರೋಗಕ್ಕೆ ಬಲಿಯಾಗಬಹುದಾದ ಬೀಜ. ಅದನ್ನು ಶುದ್ಧವೆಂದು ನೆಡುವವರು ಆ ಮರಕ್ಕೆ ಯಾವ ಉಪಕಾರವನ್ನೂ ಮಾಡುತ್ತಿಲ್ಲ.

ತೋಪುಗಳಲ್ಲಿ ದೋಷಗಳಿಲ್ಲವೆಂದು ವಾದಿಸುವುದು ಅಪ್ರಾಮಾಣಿಕತೆಯಾಗುತ್ತದೆ. ಬ್ರಿಟಿಷ್ ಕೊಲಂಬಿಯಾದ ಒಳನಾಡಿನ ಲಾಡ್ಜ್‌ಪೋಲ್ ಪೈನಿಗಾಗಿ ತೋಪುಗಳನ್ನು ದಕ್ಷಿಣದ ಓಕನಾಗನ್ ಕಣಿವೆಯಲ್ಲಿ ನೆಟ್ಟದ್ದು, ಅಲ್ಲಿಯ ಬಿಸಿಲು ಹೂವಿಗೆ ಒಳ್ಳೆಯದು, ಸುತ್ತ ಅದೇ ಜಾತಿಯ ಕಾಡು ಇಲ್ಲದ್ದರಿಂದ ಹೊರಗಿನ ಪರಾಗವೂ ಬಾರದು ಎಂಬ ಲೆಕ್ಕದಿಂದ. ಶಂಕುಗಳೇನೋ ಹೇರಳವಾಗಿ ಬಂದವು. ಆದರೆ ಒಂದೊಂದು ಶಂಕುವಿನೊಳಗೆ ಸಿಕ್ಕ ಒಳ್ಳೆಯ ಬೀಜ, ಉತ್ತರದ ಪ್ರಿನ್ಸ್ ಜಾರ್ಜ್ ಸುತ್ತಲಿನ ತೋಪುಗಳಲ್ಲಿ ಸಿಕ್ಕುವುದಕ್ಕಿಂತ ಕಡಿಮೆಯಾಯಿತು. ಕಾರಣಗಳಲ್ಲಿ ಬೀಜತಿಗಣೆಯೂ ಒಂದು. ಎರಡು ಸೆಂಟಿಮೀಟರಿಗೆ ಸ್ವಲ್ಪ ಕಡಿಮೆ ಉದ್ದದ, ಹಿಂಗಾಲಿನಲ್ಲಿ ಎಲೆಯಂತೆ ಅಗಲಗೊಂಡ ಭಾಗವುಳ್ಳ ಈ ಕಂದು ಕೀಟವು, ಸೂಜಿಯೆಲೆಗಳಿಗಿಂತ ಬೆಚ್ಚಗಿರುವ ಶಂಕುಗಳು ಹೊರಸೂಸುವ ಅವಕೆಂಪು ಕಿರಣವನ್ನು ಗ್ರಹಿಸಿ ಅವುಗಳನ್ನು ಪತ್ತೆಹಚ್ಚುತ್ತದೆ. ಅನಂತರ ಕೂದಲಿನಷ್ಟು ತೆಳ್ಳನೆಯ ಬಾಯಿಯನ್ನು ಪದರಗಳ ನಡುವೆ ಇಳಿಬಿಟ್ಟು, ಬೀಜದ ತಿರುಳನ್ನು ಕರಗಿಸಿ ಹೀರುತ್ತದೆ. ಹೊರಗಿನಿಂದ ನೋಡಿದರೆ ಶಂಕುವೂ ಹಾಗೆಯೇ ಇರುತ್ತದೆ, ಬೀಜದ ಸಿಪ್ಪೆಯೂ ಹಾಗೆಯೇ ಇರುತ್ತದೆ. ಎಕ್ಸ್-ರೇ ಹಾಳೆಯ ಮೇಲೆ ಹರಡಿ ನೋಡಿದಾಗಲೇ ಒಳಗೆ ಸುಕ್ಕುಗಟ್ಟಿದ ತಿರುಳಿನ ನೆರಳು ಕಾಣುವುದು. ಪೈನಿನಲ್ಲಿ ಪರಾಗ ಮುಟ್ಟಿದ ಮೇಲೆ ಗರ್ಭಕಟ್ಟಲು ಒಂದು ವರ್ಷ, ಬೀಜ ಬಲಿಯಲು ಇನ್ನೊಂದು ಬೇಸಿಗೆ ಬೇಕಾಗುವುದರಿಂದ, ಹೀಗೆ ಕಳೆದುಹೋದ ಒಂದು ಬೀಜದ ಹಿಂದೆ ಎರಡು ವರ್ಷಗಳ ಆರೈಕೆ ಇರುತ್ತದೆ.

ಇನ್ನು ಹೊರಗಿನ ಪರಾಗದ ವಿಷಯ. ಸ್ವೀಡನ್, ಫಿನ್ಲೆಂಡುಗಳ ಸ್ಕಾಟ್ಸ್ ಪೈನ್ ತೋಪುಗಳಲ್ಲಿ ಹುಟ್ಟಿದ ಬೀಜಗಳಲ್ಲಿ ಅರ್ಧದಷ್ಟಕ್ಕೆ ತಂದೆ ಬೇಲಿಯಾಚೆಯ ಮರವೆಂದು ಪರೀಕ್ಷೆಗಳು ಮತ್ತೆಮತ್ತೆ ತೋರಿಸಿವೆ. ಆಯ್ಕೆಯಿಂದ ಬರಬೇಕಾದ ಲಾಭ ಇದರಿಂದ ಸೋರಿಹೋಗುತ್ತದೆ. ನಾರ್ವೆಯಲ್ಲಿ ಓಯ್ಸ್ಟೈನ್ ಯಾನ್ಸನ್ ಮತ್ತು ಟೋರೆ ಸ್ಕ್ರೊಪ್ಪಾ ಕಂಡದ್ದು ಇದಕ್ಕಿಂತ ಅಚ್ಚರಿಯದು: ಉತ್ತರದ ಸ್ಪ್ರೂಸ್ ಮರಗಳ ಕಸಿಗಳನ್ನು ದಕ್ಷಿಣದ ಬೆಚ್ಚನೆಯ ತೋಪಿಗೆ ತಂದಾಗ, ಅಲ್ಲಿ ಹುಟ್ಟಿದ ಸಸಿಗಳು ತಮ್ಮ ತಾಯಿಯ ನಾಡಿನ ಸಸಿಗಳಿಗಿಂತ ತಡವಾಗಿ ಬೆಳವಣಿಗೆ ನಿಲ್ಲಿಸಿ ಮೊಗ್ಗು ಕಟ್ಟಿದವು, ಅಂದರೆ ಬೀಜ ಬೆಳೆದಾಗಿನ ಬಿಸುಪನ್ನು ಸಸಿ ನೆನಪಿಟ್ಟುಕೊಳ್ಳುತ್ತದೆ. ಉತ್ತರದ ಹಿಮಕ್ಕೆ ಹಿಂದಿರುಗಬೇಕಾದ ಸಸಿಗೆ ಇದು ಸಣ್ಣ ವಿಷಯವಲ್ಲ. ತೋಪಿನ ವಿರೋಧಿಗಳು ಈ ಪ್ರತಿಯೊಂದನ್ನೂ ಅಸ್ತ್ರವಾಗಿ ಬಳಸಬಹುದು. ಆದರೆ ಇವುಗಳೆಲ್ಲ ಹೇಗೆ ಬೆಳಕಿಗೆ ಬಂದವು ಎಂಬುದನ್ನೂ ಅವರು ಗಮನಿಸಬೇಕು: ಪ್ರತಿ ಕಸಿಗೂ ಗುರುತಿದ್ದುದರಿಂದ, ಪ್ರತಿ ಬೀಜರಾಶಿಗೂ ವಂಶಾವಳಿ ಇದ್ದುದರಿಂದ, ಅಳೆಯುವವರಿದ್ದುದರಿಂದ. ಅಲ್ಲದೆ ಅರ್ಧ ಪರಾಗ ಹೊರಗಿನದೆಂಬ ದೂರನ್ನೂ, ತೋಪಿನ ಬೀಜ ಮುಚ್ಚಿದ ಕೊಳದಂತೆ ಸಂಕುಚಿತವೆಂಬ ದೂರನ್ನೂ ಒಂದೇ ಉಸಿರಿನಲ್ಲಿ ಹೊರಿಸಲು ಬರುವುದಿಲ್ಲ.

ತೋಪುಗಳ ಆಡಳಿತದ ಮೇಲೆ ಹೊರಿಸಬೇಕಾದ ನ್ಯಾಯವಾದ ಆಕ್ಷೇಪ ಬೇರೆಯೇ ಇದೆ. ದಶಕಗಳ ಕಾಲ ಆಯ್ಕೆಯ ಮುಖ್ಯ ಅಳತೆಗೋಲು ಮರದ ಘನಗಾತ್ರವಾಗಿತ್ತು. ‘ಇಷ್ಟು ಶೇಕಡಾ ಹೆಚ್ಚು ಇಳುವರಿ’ ಎಂಬ ಒಂದೇ ಅಂಕಿಯಿಂದ ತೋಪಿನ ಬೆಲೆ ಕಟ್ಟುವ ರೂಢಿ ಬೆಳೆಯಿತು, ಮತ್ತು ಆ ರೂಢಿಯೇ ಜನರಲ್ಲಿ ಸಂಶಯ ಹುಟ್ಟಿಸಿತು. ಬೇಗ ಬೆಳೆಯುವಂತೆ ಆಯ್ದ ಮರ ಚಳಿಯನ್ನು ತಾಳುವ ಶಕ್ತಿಯನ್ನು ಕಳೆದುಕೊಂಡಿರಬಹುದೆಂಬ ಭಯ ಸಹಜವಾದದ್ದೇ. ಸ್ಯಾಲಿ ಏಟ್ಕಿನ್ ಅವರ ಗುಂಪು ಲಾಡ್ಜ್‌ಪೋಲ್ ಪೈನಿನ ಮೇಲೆ 2017ರಲ್ಲಿ ಪ್ರಕಟಿಸಿದ ಅಧ್ಯಯನ ಈ ಭಯವನ್ನೇ ನೇರವಾಗಿ ಪರೀಕ್ಷಿಸಿ, ಆಯ್ದ ಬೀಜದ ಸಸಿಗಳು ಹೆಚ್ಚು ಬೆಳೆದರೂ ಹವೆಗೆ ಒಗ್ಗಿದ ಗುಣವನ್ನು ಉಳಿಸಿಕೊಂಡಿವೆಯೆಂದು ತೋರಿಸಿತು. ಇಷ್ಟಕ್ಕೇ ಸಮಾಧಾನಪಡಬೇಕಾಗಿಲ್ಲ, ಬರ, ರೋಗ, ಕೀಟಗಳನ್ನು ತಡೆಯುವ ಗುಣಗಳಿಗಾಗಿ ಆಯ್ದ ತೋಪುಗಳು ಇನ್ನೂ ತೀರ ಕಡಿಮೆ, ಕಂಪನಿಗಳಿಗೆ ಲಾಭ ತಾರದ ಮರಗಳಿಗೆ ತೋಪುಗಳೇ ಅಪರೂಪ. ಕಾಡಿನ ಹಿತೈಷಿಗಳು ಸರ್ಕಾರಗಳ ಮುಂದೆ ಇಡಬೇಕಾದ ಬೇಡಿಕೆ ಇದು. ಅದನ್ನು ಬಿಟ್ಟು ತೋಪುಗಳನ್ನೇ ತಿರಸ್ಕರಿಸಿದರೆ, ಏನನ್ನು ಆಯ್ಕೆಮಾಡಬೇಕೆಂಬ ನಿರ್ಧಾರ ಪೂರ್ತಿಯಾಗಿ ಮರದ ವ್ಯಾಪಾರಿಗಳ ಕೈಗೆ ಹೋಗುತ್ತದೆ.

ನೆಡುವುದೇ ಬೇಡ, ಕಾಡು ತಾನಾಗಿ ಚಿಗುರಲಿ ಎನ್ನುವವರ ಮಾತಿಗೆ, ಅದು ಸಾಧ್ಯವಿರುವ ಕಡೆ, ಯಾರ ತಕರಾರೂ ಇರಕೂಡದು. ಲಾಡ್ಜ್‌ಪೋಲ್ ಪೈನ್ ಬೆಂಕಿಗಾಗಿಯೇ ಸಿದ್ಧವಾದ ಮರ: ಅದರ ಎಷ್ಟೋ ಶಂಕುಗಳು ರಾಳದಿಂದ ಬೆಸೆದುಕೊಂಡು ವರ್ಷಗಟ್ಟಲೆ ಮುಚ್ಚಿದಂತೆಯೇ ಕೊಂಬೆಯಲ್ಲಿ ಉಳಿದು, ಬೆಂಕಿಯ ಕಾವಿಗೆ ರಾಳ ಕರಗಿದಾಗ ಬಿರಿದು ಬೂದಿಯ ಮೇಲೆ ಬೀಜ ಚೆಲ್ಲುತ್ತವೆ. 1988ರಲ್ಲಿ ಸುಟ್ಟ ಯೆಲ್ಲೊಸ್ಟೋನ್ ಉದ್ಯಾನದ ಎಷ್ಟೋ ಭಾಗ ಹೀಗೆಯೇ ಯಾರ ನೆರವೂ ಇಲ್ಲದೆ ಮತ್ತೆ ಹಸಿರಾಯಿತು. ಆ ಎಳೆಯ ಕಾಡಿನ ಕೆಲವು ಭಾಗಗಳು 2016ರಲ್ಲಿ, ಕೊಂಬೆಗಳಲ್ಲಿ ಶಂಕುಗಳ ಸಂಚಯ ತುಂಬುವ ಮೊದಲೇ, ಮತ್ತೆ ಸುಟ್ಟವು. ಮೋನಿಕಾ ಟರ್ನರ್ ಮತ್ತು ಸಂಗಡಿಗರು 2019ರಲ್ಲಿ ವರದಿ ಮಾಡಿದಂತೆ, ಹೀಗೆ ಬೇಗ ಬೇಗ ಸುಟ್ಟ ಕಡೆ ಹುಟ್ಟಿದ ಸಸಿಗಳ ದಟ್ಟಣೆ ಆರನೆಯ ಒಂದು ಭಾಗಕ್ಕೆ ಇಳಿದಿತ್ತು. ಬ್ರಿಟಿಷ್ ಕೊಲಂಬಿಯಾದಲ್ಲಿ, ತೊಗಟೆಯನ್ನು ಕೊರೆದು ಮರವನ್ನು ಕೊಲ್ಲುವ ತೊಗಟೆದುಂಬಿ ಎಂಬ ಕೀಟದ ಹಾವಳಿಗೆ ಸಿಕ್ಕಿದ ಪೈನ್ ಕಾಡಿನ ವಿಸ್ತೀರ್ಣ 1 ಕೋಟಿ 80 ಲಕ್ಷ ಹೆಕ್ಟೇರಿನಷ್ಟು. ಅಲ್ಲಿ ಶಂಕು ಆಯಬೇಕಾದ ಮರಗಳೇ ಒಣಗಿ ನಿಂತವು. ಇಂಥ ಕಡೆಗಳಲ್ಲಿ ಕಾಡಿನ ಬೀಜಕ್ಕೂ ತೋಪಿನ ಬೀಜಕ್ಕೂ ನಡುವೆ ಆಯ್ಕೆ ಮಾಡುವ ಅವಕಾಶ ಉಳಿದಿರುವುದಿಲ್ಲ. ಹತ್ತಾರು ವರ್ಷಗಳ ಹಿಂದೆ ಯಾರೋ ಕಸಿ ಕಟ್ಟಿದ್ದರೆ ಮಾತ್ರ ಬೀಜವಿರುತ್ತದೆ.

ಯಾವ ಕಂಪನಿಗೂ ಬೇಡದ ಮರವೊಂದರ ಸ್ಥಿತಿಯಲ್ಲಿ ಈ ಮಾತು ಎಲ್ಲಕ್ಕಿಂತ ನಿಚ್ಚಳವಾಗಿ ಕಾಣುತ್ತದೆ. ಪರ್ವತಗಳಲ್ಲಿ ಮರಗಳು ಬೆಳೆಯಬಲ್ಲ ಕೊನೆಯ ಎತ್ತರದಲ್ಲಿ ಗಾಳಿಗೆ ಬಾಗಿ ನಿಲ್ಲುವ ಬಿಳಿತೊಗಟೆಯ ಪೈನ್ ಗುಳ್ಳೆತುಕ್ಕಿಗೂ ತೊಗಟೆದುಂಬಿಗೂ ಸಿಕ್ಕಿ, ಕೆನಡಾದಲ್ಲಿ 2012ರಲ್ಲಿ ಅಳಿವಿನಂಚಿನ ಜೀವಿಗಳ ಪಟ್ಟಿಗೂ ಅಮೆರಿಕದಲ್ಲಿ 2022ರಲ್ಲಿ ಅಪಾಯಕ್ಕೊಳಗಾದ ಜೀವಿಗಳ ಪಟ್ಟಿಗೂ ಸೇರಿತು. ಅದರ ಶಂಕು ತಾನಾಗಿ ಬಿರಿಯುವುದಿಲ್ಲ. ಕ್ಲಾರ್ಕ್ಸ್ ನಟ್‌ಕ್ರ್ಯಾಕರ್ ಎಂಬ ಕಾಗೆಯ ಬಳಗದ ಹಕ್ಕಿ ಕೊಕ್ಕಿನಿಂದ ಶಂಕುವನ್ನು ಸೀಳಿ, ಬೀಜಗಳನ್ನು ಗಂಟಲ ಚೀಲದಲ್ಲಿ ತುಂಬಿ ಒಯ್ದು, ನೆಲದಲ್ಲಿ ಹುಗಿದಿಟ್ಟು ಮರೆತ ಬೀಜದಿಂದಲೇ ಹೊಸ ಮರ ಏಳಬೇಕು. ರೋಗ ತಡೆದ ತಾಯಿಮರದಿಂದ ಬೀಜ ಬೇಕೆಂದರೆ, ಬೇಸಿಗೆಯ ಆರಂಭದಲ್ಲಿ ಆ ಎತ್ತರಕ್ಕೆ ನಡೆದು, ಮರ ಹತ್ತಿ, ಹಕ್ಕಿಗೂ ಅಳಿಲಿಗೂ ಸಿಗದಂತೆ ಒಂದೊಂದು ಶಂಕುಗೊಂಚಲಿಗೂ ತಂತಿಬಲೆಯ ಗೂಡು ಕಟ್ಟಿ, ಬೇಸಿಗೆ ಮುಗಿಯುವಾಗ ಮತ್ತೆ ಹತ್ತಿ ಬಿಡಿಸಬೇಕು. ಹೀಗೆ ತಂದ ಬೀಜ ಪರೀಕ್ಷೆಗೆ ಸಾಲುತ್ತದೆ, ಬೆಟ್ಟಗಳನ್ನು ತುಂಬಲು ಸಾಲುವುದಿಲ್ಲ. ಪರೀಕ್ಷೆಯಲ್ಲಿ ಗೆದ್ದ ಮರಗಳ ಕಸಿಗಳನ್ನು ಕೈಗೆಟಕುವ ಎತ್ತರದ ತೋಪುಗಳಲ್ಲಿ ನೆಡುವ ಕೆಲಸ ಈಗಾಗಲೇ ಶುರುವಾಗಿದೆ. ಆ ತೋಪುಗಳಿಂದ ಹೊರಟ ಸಸಿಯೊಂದು ಬೆಟ್ಟದ ನೆತ್ತಿಯಲ್ಲಿ ಬೇರೂರಿ ಮೊದಲ ಶಂಕು ಬಿಡಲು ಇಪ್ಪತ್ತು ಮೂವತ್ತು ವರ್ಷ, ಹಕ್ಕಿಗಳ ಹಿಂಡೊಂದನ್ನು ಸಾಕುವಷ್ಟು ಬಿಡಲು ಅರವತ್ತು ವರ್ಷ ಬೇಕಾಗುತ್ತದೆ.